ಅಕ್ಕಾ, ಉಂಡಿಯೇನ?

ಯಲಬುರ್ಗಾ ಒಮ್ಮೆ ತಾನೊಂದೇ ಬಂದ್ ಮಾಡಿ ಕುಳಿತಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿಗಳಲ್ಲಿ ಜಿಲ್ಲಾ ಬಂದ್ ಬುಧವಾರವೇ ಮುಗಿದು, ಟಯರು ಸುಟ್ಟ ಬೂದಿಯೂ ಗಾಳಿಗೆ ಹಾರಿಹೋಗಿತ್ತು. ಯಲಬುರ್ಗಾದವರು ಗುರುವಾರ ಅಂಗಡಿಗಳ ಬಾಗಿಲೆಳೆದು ಕಟ್ಟೆಯ ಮೇಲೆ ಕುಳಿತರು. ಬಸ್ಸಿನಿಂದ ಇಳಿದ ಪರವೂರಿನವರು "ಯಾರು ತೀರ್ಕೊಂಡ್ರರಿ?" ಎಂದು ಕೇಳಿದರಂತೆ. ಇಷ್ಟಕ್ಕೆಲ್ಲ ಕಾರಣ ಯಮನೂರಮ್ಮ. ಅವಳು ಗಂಗಾವತಿಯ ಕೇಬಲ್ ಟೀವಿಯ 'ಎಡದಂಡೆ ವಾರ್ತೆ'ಯಲ್ಲಿ ಮಂಗಳವಾರ ಕುಳಿತು, "ನಾಳೆ ಜಿಲ್ಲಾ ಬಂದ್" ಎಂದು ಸ್ಪಷ್ಟವಾಗಿ, ತಲೆಯೆತ್ತಿ ಓದಿದ್ದಳು.

ಓದಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಆಗಿನ ಕೇಬಲ್ ಸುದ್ದಿ ನಡೆಯುತ್ತಿದ್ದದ್ದೇ ಹಾಗೆ. ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿ, ಹೊಸ ಹೊಸ ಸಾಹೇಬರು ಜೀಪಿನಲ್ಲಿ ಓಡಾಡತೊಡಗಿದ ಹೊತ್ತು. ಇವರ ಸುದ್ದಿ ಹೇಳಲು ನಮ್ಮದೇ ಒಂದು ಟೀವಿ ಬೇಡವೇ ಎಂದು ಆಂಜನೇಯ ಎಂಬವನು ಗೊಬ್ಬರದಂಗಡಿಯೊಂದರ ಮಾಳಿಗೆಯ ಮೇಲೊಂದು ಕೋಣೆ ಹಿಡಿದ. ಹಿಂದೆ ನೀಲಿ ಬಟ್ಟೆ, ಮುಂದೊಂದು ಮೇಜು, ಮೇಲೆ ಟ್ಯೂಬ್‌ಲೈಟು. ಮಧ್ಯಾಹ್ನ ಸುದ್ದಿ ಓದಿಸಿ ಕ್ಯಾಸೆಟ್ಟಿಗೆ ತುಂಬಿದರೆ ಸಂಜೆ ಏಳಕ್ಕೆ ಗಂಗಾವತಿ ನೋಡುತ್ತಿತ್ತು. ಕಾರಟಗಿಗೂ ಕೊಪ್ಪಳಕ್ಕೂ ಕುಷ್ಟಗಿಗೂ ಅದೇ ಸಂಜೆ ನಕಲು ಹೋಗುತ್ತಿತ್ತು. ಯಲಬುರ್ಗಾದ ಕ್ಯಾಸೆಟ್ಟು ಮಾತ್ರ ಮರುದಿನ ಬೆಳಗ್ಗೆ ಮುದಿಯಪ್ಪ ಡ್ರೈವರನ ಬಸ್ಸಿನಲ್ಲಿ ಕನಕಗಿರಿ, ತಾವರಗೇರಾ, ಕುಷ್ಟಗಿ ಎಂದು ಊರೂರು ಸುತ್ತಿಕೊಂಡು ಹೋಗಿ, ಅಲ್ಲಿನ ಕೇಬಲ್ಲಿನ ಇಬ್ರಾಹಿಂಸಾಬನ ಕೈ ಸೇರಿ, ಆವತ್ತಿನ ಸಂಜೆ ಹತ್ತುತ್ತಿತ್ತು. ಹೀಗಾಗಿ ಯಮನೂರಮ್ಮನ 'ನಾಳೆ' ಯಲಬುರ್ಗಾಕ್ಕೆ ಮುಟ್ಟುವ ಹೊತ್ತಿಗೆ 'ನಾಡಿದ್ದು' ಆಗಿಬಿಡುತ್ತಿತ್ತು.

ಬಂದ್ ಪುರಾಣ ಆದ ಮೇಲೆ ಆಂಜನೇಯ ತಲೆ ಚಚ್ಚಿಕೊಂಡ. ಅವನ ತಂದೆತಾಯಿ ಕಾಲುವೆಯ ನೀರು ನಂಬಿ ಆಂಧ್ರದ ಕಡೆಯಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದವರು. ಸಿಟ್ಟು ಬಂದರೆ ಅವನ ಬಾಯಲ್ಲಿ ಎರಡೂ ಭಾಷೆ ಒಟ್ಟಿಗೆ ಹೊರಡುತ್ತಿದ್ದವು.

"ಏಮಮ್ಮಾ, ಇವತ್ತು ನಾಳೆ ಅನ್ನೋದ ಬ್ಯಾಡ. ವಾರದ ಹೆಸರು ಹೇಳು, ಸಾಕು."

ಅಂದಿನಿಂದ ಯಮನೂರಮ್ಮ ಕ್ಯಾಮರಾದ ಮುಂದೆ 'ಇವತ್ತು' ಎಂಬ ಮಾತನ್ನೇ ಆಡಲಿಲ್ಲ. ಸೋಮವಾರ, ಮಂಗಳವಾರ, ಅಷ್ಟೇ.

ಅವಳ ಹೆಸರಿನ ಮೇಲೂ ಆಂಜನೇಯನ ಕಣ್ಣು ಬಿದ್ದಿತ್ತು. ಟೀವಿಗೆ ಯಮುನಾ ಅಂದರೆ ಚೆಂದ ಎಂದಿದ್ದ. ಅವಳು ಒಪ್ಪಲಿಲ್ಲ. "ನಮ್ಮಕ್ಕ ಇಟ್ಟ ಹೆಸರು ಐತ್ರಿ. ಯಮುನಾ ಅಂದ್ರ ಆಕಿ ಯಾರೋ ಪರದೇಶಿ ಹುಡುಗಿ ಅನ್ಕೊಂಡು ಟೀವಿ ಆರಿಸಿಬಿಡ್ತಾಳ" ಎಂದಳು.

ಅಕ್ಕ ಎಂದರೆ ದುರುಗವ್ವ. ತಳಕಲ್ಲಿನ ಮನೆಯಲ್ಲಿ ತಾಯಿ ತೀರಿಕೊಂಡಾಗ ಯಮನೂರಮ್ಮ ಮೊಲೆಗೂಸು, ದುರುಗವ್ವ ಲಂಗ ದಾವಣಿಯ ಹುಡುಗಿ. ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕೆಲವು ದಿನ ಶಾಲೆಗೆ ಹೋದಳು. ಕೂಸು ಅತ್ತರೆ ಮೇಷ್ಟ್ರು ಬೈಯುತ್ತಿದ್ದರು. ಕೊನೆಗೆ ಕೂಸು ಬಿಡಲಾಗದೆ ಶಾಲೆ ಬಿಟ್ಟಳು. ಯಮನೂರಮ್ಮನಿಗೆ ನೆನಪಿರುವುದೆಲ್ಲ ಒಲೆಯ ಬೆಳಕು, ರೊಟ್ಟಿ ಬಡಿಯುವ ಸಪ್ಪಳ ಮತ್ತು ಕೌದಿಯೊಳಗಿನಿಂದ ತಾನು ಕೇಳುತ್ತಿದ್ದ ಒಂದು ಮಾತು, "ಅಕ್ಕಾ, ಉಂಡಿಯೇನ?"

"ಉಂಡೆ, ಮಲಗು" ಎನ್ನುತ್ತಿದ್ದಳು ಅಕ್ಕ. ಎಂದೂ ಬೇರೆ ಉತ್ತರ ಕೊಟ್ಟವಳಲ್ಲ. ಆ 'ಉಂಡೆ'ಗಳಲ್ಲಿ ಬಹಳಷ್ಟು ಸುಳ್ಳಿದ್ದವು ಎಂಬುದು ಯಮನೂರಮ್ಮನಿಗೆ ತಿಳಿದದ್ದು ಬುದ್ಧಿ ಬಂದ ಮೇಲೆ. ಇದ್ದ ರೊಟ್ಟಿ ಲೆಕ್ಕ ಹಾಕಿದರೆ ಅಕ್ಕನ ಪಾಲು ಎಲ್ಲಿಯೂ ಸಿಗುತ್ತಿರಲಿಲ್ಲ.

ದುರುಗವ್ವನನ್ನು ಯಲಬುರ್ಗಾದ ಪಂಪಣ್ಣನಿಗೆ ಕೊಟ್ಟರು. ಅವನು ಆ ಸೀಮೆಯ ಒಂದು ಸರಕಾರಿ ಹಾಸ್ಟೆಲ್ಲಿನಲ್ಲಿ ಅಡುಗೆಯವನು. ತಂಗಿಯನ್ನೂ ಜೊತೆಗೇ ಕರೆದೊಯ್ದ ಅಕ್ಕ ಅವಳನ್ನು ಓದಿಸಿದಳು, ಗಂಗಾವತಿಯ ಸೈಕಲ್ ಅಂಗಡಿಯ ಯಂಕೇಶನಿಗೆ ಕೊಟ್ಟು ಮದುವೆ ಮಾಡಿದಳು. ಹೀಗಾಗಿ ಯಮನೂರಮ್ಮನಿಗೆ ತವರೆಂದರೆ ಅಕ್ಕನ ಮನೆಯೇ. ಹೋದಾಗಲೆಲ್ಲ ಅಕ್ಕ ಹೊಸ್ತಿಲ ಒಳಗೆ ಮಣೆ ಹಾಕಿ ಕೂರಿಸಿ, ಅಕ್ಕಿ, ಕೊಬ್ಬರಿ, ಅಡಿಕೆ, ಕುಬಸದ ಕಣ ಇಟ್ಟು ಉಡಿ ತುಂಬಿಯೇ ಕಳಿಸುತ್ತಿದ್ದಳು. ಬರಿಗೈ ಬೀಸಿಕೊಂಡು ಬಂದವಳಿಗೂ ಉಡಿ, ಗಂಡನೊಡನೆ ಜಗಳಾಡಿ ಬಂದವಳಿಗೂ ಉಡಿ. ಬಸ್ಸಿನಲ್ಲಿ ಆ ಸೆರಗಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಯಮನೂರಮ್ಮನಿಗೆ ಗಂಗಾವತಿವರೆಗೂ ನಿದ್ದೆ ಬರುತ್ತಿತ್ತು.

ತಂಗಿ ಟೀವಿಯಲ್ಲಿ ಬರುತ್ತಾಳೆಂದಾಗ ದುರುಗವ್ವ ಪಂಪಣ್ಣನ ಬೆನ್ನು ಬಿದ್ದು ಬಣ್ಣದ ಟೀವಿ ಕೊಡಿಸಿಕೊಂಡಳು. ಸಂಜೆ ಏಳಾಯಿತೆಂದರೆ ಓಣಿಯ ಹೆಂಗಸರೆಲ್ಲ ಅವಳ ಪಡಸಾಲೆಯಲ್ಲಿ. "ನಮ್ಮ ಯಮನವ್ವ ಬರೂ ಹೊತ್ತಾತು, ಬಾಯಿ ಮುಚ್ಚಿಕೊಂಡು ಕುಂದರ್ರೆ" ಎಂದು ಗದರುವುದು, ತಂಗಿ ಒಮ್ಮೆ ತಡವರಿಸಿದರೆ "ಪಾಪ, ನೀರಡಿಸಿರಬೇಕು" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವುದು, ಇದು ಅವಳ ದಿನದ ಹಬ್ಬ.

ಯಮನೂರಮ್ಮ ಬರೀ ಓದುವವಳಾಗಿ ಉಳಿಯಲಿಲ್ಲ. ಮದುವೆಯ ವಿಡಿಯೋ ಮಾಡುತ್ತಿದ್ದ ಮಾಜೀದನನ್ನು ಕ್ಯಾಮರಾ ಸಮೇತ ಎಬ್ಬಿಸಿಕೊಂಡು ಊರೂರು ತಿರುಗತೊಡಗಿದಳು. ನೀರಿಲ್ಲದ ನಲ್ಲಿ ಉದ್ಘಾಟಿಸಿದ್ದು, ಕಳಪೆ ಬೀಜ ಮಾರಿದ್ದು, ಕಾಗದದ ಮೇಲಷ್ಟೇ ಕಟ್ಟಿದ ಸೇತುವೆ, ಎಲ್ಲವನ್ನೂ ಎಳೆದು ಹೊರಗೆ ಹಾಕಿದಳು. ಅವಳು ಮೈಕ್ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದರೆ ಒಳಗಿದ್ದ ಸಾಹೇಬರು ಹಿತ್ತಲ ಬಾಗಿಲು ಹುಡುಕುತ್ತಿದ್ದರು. ಒಮ್ಮೆ ಲಂಚ ತೆಗೆದುಕೊಳ್ಳುವಾಗ ಸಿಕ್ಕ ಒಬ್ಬ ಜವಾನನ ಹೆಂಡತಿ ಮಾಳಿಗೆ ಹತ್ತಿ ಬಂದು, ಮುಖ ಒಂದು ತೋರಿಸಬೇಡ ತಾಯಿ ಎಂದು ಅತ್ತಳು. "ಸುದ್ದಿ ಅಂದ್ರ ಸುದ್ದಿನವ್ವಾ. ಇವತ್ತು ನಿನ್ನ ಗಂಡನ ಮುಖ ಮುಚ್ಚಿದರ ನಾಳೆ ಎಲ್ಲಾರ ಮುಖಾನೂ ಮುಚ್ಚಬೇಕಾಕ್ಕತಿ" ಎಂದಿದ್ದಳು ಯಮನೂರಮ್ಮ. ಕಂಡವರ ವಿಷಯದಲ್ಲಿ ನ್ಯಾಯ ಹೇಳುವುದು ಸುಲಭ ನೋಡಿ.

ಹಾಸ್ಟೆಲ್ ಹುಡುಗರ ಅಕ್ಕಿ ಕಾರಟಗಿಯ ಒಂದು ಮಿಲ್ಲಿಗೆ ಬಂದು, ಪಾಲಿಶ್ ಆಗಿ, ಬೇರೆ ಚೀಲ ತೊಟ್ಟು ಸಣ್ಣಕ್ಕಿಯಾಗಿ ಮಾರಾಟವಾಗುತ್ತದೆಂಬ ಸುದ್ದಿ ಬಂದದ್ದು ಅದರ ಮರುವಾರ. ಮಾಜೀದ ಕ್ಯಾಮರಾವನ್ನು ಗೋಣಿಚೀಲದಲ್ಲಿ ತೂತು ಮಾಡಿ ಇಟ್ಟ. ಇಬ್ಬರೂ ಮಿಲ್ಲಿನೆದುರಿನ ಚಹಾದಂಗಡಿಯಲ್ಲಿ ಕುಳಿತರು. ಲಾರಿ ಬಂತು. ಸರಕಾರದ ಮುದ್ರೆಯ ಚೀಲಗಳು ಒಂದೊಂದಾಗಿ ಇಳಿದವು. ಚೀಲ ಹೊತ್ತವರಲ್ಲೊಬ್ಬ ಬೆವರು ಒರೆಸಿಕೊಳ್ಳಲೆಂದು ತಲೆಯ ಟವೆಲು ತೆಗೆದು ನೇರವಾಗಿ ಇವರ ಕಡೆಗೇ ತಿರುಗಿದ. ಪಂಪಣ್ಣ.

"ಮೇಡಂ," ಎಂದ ಮಾಜೀದ, ದನಿ ಉಡುಗಿಸಿ, "ನಿಮ್ಮ ಭಾವಾರು."

"ನೋಡೀನಿ. ನೀ ಕ್ಯಾಮರಾ ನಿಲ್ಲಿಸಬ್ಯಾಡ" ಎಂದಳು ಯಮನೂರಮ್ಮ.

ಮರುದಿನ ಕೋಣೆಯಲ್ಲಿ ಕ್ಯಾಸೆಟ್ಟು ಹಾಕಿ ನೋಡಿದರು. ಇದನ್ನೆಲ್ಲ ಮಾಡಿಸಿದವರು ಹಾಸ್ಟೆಲ್ಲಿನ ವಾರ್ಡನ್ನೂ ಗುತ್ತಿಗೆದಾರನೂ ಎಂಬುದಕ್ಕೆ ಮಾತಿನ ಸಾಕ್ಷಿ ಇತ್ತು. ಚಿತ್ರದಲ್ಲಿ ಕಾಣುವ ಮುಖ ಮಾತ್ರ ಪಂಪಣ್ಣನದು.

"ಭಾವಾರ ಮುಖ ಅಷ್ಟ ಮಬ್ಬು ಮಾಡೂಣೇನ್ರಿ? ಯಾರಿಗೂ ಗೊತ್ತಾಗಂಗಿಲ್ಲ" ಎಂದ ಮಾಜೀದ.

ಯಮನೂರಮ್ಮನಿಗೆ ಜವಾನನ ಹೆಂಡತಿ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಮೆಟ್ಟಿಲಿಳಿದು ಹೋದದ್ದು ಕಣ್ಣಿಗೆ ಬಂತು. "ಬ್ಯಾಡ. ಇದ್ದಂಗ ಇರಲಿ" ಎಂದಳು. ಹೇಳಿ, ನೀಲಿ ಬಟ್ಟೆಯ ಮುಂದೆ ಕುಳಿತು, ಒಂದು ಅಕ್ಷರ ನುಂಗದೆ ಓದಿದಳು.

ಅವಳ ಲೆಕ್ಕ ಬೇರೆ ಇತ್ತು. ಯಲಬುರ್ಗಾ ಇದನ್ನು ನೋಡುವುದು ನಾಳೆ ಸಂಜೆ ಏಳಕ್ಕೆ. ನಾಳೆ ಬೆಳಗಿನ ಬಸ್ಸಿಗೆ ಹೋದರೆ ಕ್ಯಾಸೆಟ್ಟೂ ತಾನೂ ಒಟ್ಟಿಗೇ ಇಳಿಯುತ್ತೇವೆ. ಸಂಜೆಯವರೆಗೂ ಹೊತ್ತು ಕೈಯಲ್ಲಿರುತ್ತದೆ. ಅಕ್ಕನ ಕೈ ಹಿಡಿದುಕೊಂಡು ಎಲ್ಲ ಹೇಳಬೇಕು. ಅಕ್ಕ ಬೈಯುತ್ತಾಳೆ, ಎರಡೇಟು ಹೊಡೆದರೂ ಹೊಡೆದಾಳು. ಆದರೆ ಓಣಿಗೆ ತಿಳಿಯುವ ಮೊದಲು ಅವಳಿಗೆ ತಿಳಿದಿರುತ್ತದೆ. ಸಂಜೆ ಬಾಗಿಲು ಹಾಕಿಕೊಂಡು, ಯಾರನ್ನೂ ಒಳಗೆ ಬಿಡದೆ, ತಾವು ಮೂವರೇ ಇರಬಹುದು.

ಬೆಳಿಗ್ಗೆ ಮುದಿಯಪ್ಪನ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲೇ ಕುಳಿತಳು. ಕ್ಯಾಸೆಟ್ಟು ಎಲ್ಲಿಟ್ಟಿದ್ದಾನೋ ಎಂದು ಕಣ್ಣಾಡಿಸಿದಳು. ಕಾಣಲಿಲ್ಲ. ಕನಕಗಿರಿ ದಾಟಿದ ಮೇಲೆ ತಡೆಯಲಾರದೆ ಕೇಳಿದಳು.

"ಕ್ಯಾಸೆಟ್ ಎಲ್ಲಿ ಇಟ್ಟಿಯೋ ಮುದಿಯಪ್ಪಣ್ಣ?"

"ಈ ಹೊತ್ತು ನಂದೇನೂ ಇಲ್ಲಬೇ" ಎಂದ ಮುದಿಯಪ್ಪ, ಗೇರು ಬದಲಿಸುತ್ತ. "ನಿನ್ನೆ ಸಂಜೀನ ಆಂಜನೇಯಪ್ಪ ತನ್ನ ಜೀಪಿನಾಗ ಕಳಿಸ್ಯಾನಂತ. ಏನೋ ಸ್ಪೆಷಲ್ ಐತಿ, ಬಿಸಿ ಬಿಸಿ ತೋರಿಸ್ರಿ ಅಂತ ಇಬ್ರಾಹಿಂಸಾಬಗ ಫೋನೂ ಮಾಡಿದ್ನಂತ. ಯಲಬುರ್ಗಿ ಮಂದಿ ನಿನ್ನೆನ ನೋಡ್ಯಾರ."

ಯಮನೂರಮ್ಮ ಎದ್ದು ಡ್ರೈವರನ ಸೀಟಿನ ಸರಳು ಹಿಡಿದಳು. ಬಸ್ಸು ನಿಲ್ಲಿಸು ಎನ್ನಲೇ? ನಿಲ್ಲಿಸಿದರೆ ಏನು ಉಪಯೋಗ? ಬೇಗ ಓಡಿಸು ಎನ್ನಲೇ? ಎಷ್ಟು ಓಡಿಸಿದರೂ ನಿನ್ನೆಯನ್ನು ಹಿಡಿಯಲಾಗುತ್ತದೆಯೇ? ಕೈಯಲ್ಲಿ ಫೋನಿಲ್ಲದ ಕಾಲ ಅದು. ತಾವರಗೇರಾದಲ್ಲಿ ಬಸ್ಸು ಚಹಾಕ್ಕೆ ನಿಂತಿತು, ಕುಷ್ಟಗಿಯಲ್ಲಿ ಊಟಕ್ಕೆ ನಿಂತಿತು. ಮುದಿಯಪ್ಪ ಅಷ್ಟು ಸಾವಕಾಶವಾಗಿ ಉಂಡದ್ದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಪಂಪಣ್ಣ ಒಳಗೆ ಗೋಡೆಗೊರಗಿ, ಮೊಣಕಾಲ ಮೇಲೆ ತಲೆಯಿಟ್ಟು ಕುಳಿತಿದ್ದ. ದುರುಗವ್ವ ಹೊಸ್ತಿಲಿಗೆ ಅಡ್ಡ ಬಂದು ನಿಂತಳು. ಅತ್ತ ಗುರುತಿರಲಿಲ್ಲ, ಮುಖ ಒಣಗಿತ್ತು.

"ಓಣಿ ಮಂದೀನ ನಾನ ಕರದೆ" ಎಂದಳು. "ನಮ್ಮ ಯಮನವ್ವಂದು ಸ್ಪೆಷಲ್ ಐತಂತ, ಬರ್ರೆ ಅಂತ ಮನಿ ಮನಿಗೆ ಹೋಗಿ ನಾನ ಹೇಳಿ ಬಂದೆ. ಚಹಾ ಮಾಡಿ ಕೊಟ್ಟೆ. ನಿಮ್ಮ ಭಾವನ ಮುಖ ಬಂತು ನೋಡು, ಒಬ್ಬಾಕೀನೂ ಟೀವಿ ನೋಡಲಿಲ್ಲ. ಎಲ್ಲಾರೂ ನನ್ನ ಮುಖಾನ ನೋಡಿದ್ರು."

"ಅಕ್ಕಾ, ಮೊದಲ ನಿನಗ ಹೇಳಾಕಂತನ ನಾ..."

"ಬಾಯಿ ಮುಚ್ಚು!" ದುರುಗವ್ವ ಎರಡೂ ಕಿವಿಗೆ ಕೈಯೊತ್ತಿಕೊಂಡಳು. "ಕದ್ದಾನ, ತೋರಿಸಿದಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ಆದರ ಊರಿಗೆ ಹೇಳೂ ಮೊದಲ ನನಗೊಂದು ಮಾತು ಹೇಳಾಕ ನಿನಗ ಬಾಯಿ ಬರಲಿಲ್ಲ. ಇನ್ನ ಆ ಬಾಯಿದು ಒಂದ ಮಾತು ನನ್ನ ಕಿವಿಗೆ ಬಿದ್ದರೂ ಹೇಮಗುಡ್ಡದ ದುರ್ಗಮ್ಮನ ಆಣಿ!"

ಆ ತಾಯಿಯ ಹೆಸರು ಹೊತ್ತವಳು ಆ ತಾಯಿಯ ಮೇಲೆಯೇ ಆಣೆ ಇಟ್ಟ ಮೇಲೆ ಮಾತಾಡುವುದೇನುಳಿಯಿತು? ಆಣೆ ಮುರಿದರೆ ಅದರ ಪೆಟ್ಟು ಇಟ್ಟವಳಿಗೇ. ಯಮನೂರಮ್ಮ ಅಂಗಳದಿಂದಲೇ ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆ ಮನೆಯಿಂದ ಉಡಿ ಇಲ್ಲದೆ ಹೊರಟದ್ದು ಅದೇ ಮೊದಲು.

ಮುಂದೆ ಆಗಬೇಕಾದ್ದೆಲ್ಲ ಆಯಿತು. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಗುತ್ತಿಗೆದಾರ ಪಾರಾದ, ವಾರ್ಡನ್ ಬೇರೆ ಊರಿಗೆ ಹೋದ, ಪಂಪಣ್ಣ ಕೆಲಸ ಕಳೆದುಕೊಂಡ. ಹಾಸ್ಟೆಲ್ಲಿನ ಹುಡುಗರಿಗೆ ಮಾತ್ರ ಹೊಟ್ಟೆ ತುಂಬ ಅನ್ನ ಸಿಗತೊಡಗಿತು. ಕೊಪ್ಪಳದಲ್ಲಿ ಯಮನೂರಮ್ಮನಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿದರು. ಆ ಶಾಲನ್ನು ಅವಳು ಮನೆಗೆ ತಂದು ಟ್ರಂಕಿನ ತಳಕ್ಕೆ ಹಾಕಿದಳು. ಅಕ್ಕ ನೋಡಿ ಮುಟ್ಟದ ಶಾಲಿಗೆ ಏನು ಬೆಲೆ?

ಒಮ್ಮೆ ಸುದ್ದಿಗೆಂದು ಕುಷ್ಟಗಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಬಜಿಯ ಬಂಡಿಯ ಹಿಂದೆ ಪಂಪಣ್ಣ ಸಿಕ್ಕ. ಯಮನೂರಮ್ಮ ತಲೆ ತಗ್ಗಿಸಿದಳು. ಅವನೇ ಪೇಪರಿನಲ್ಲಿ ಬಜಿ ಕಟ್ಟಿ ಕೈಗಿಟ್ಟ.

"ಕದ್ದಾಂವ ನಾನವಾ, ಹೇಳಿದಾಕಿ ನೀನು. ಇಬ್ಬರದೂ ಮುಗೀತು. ನಡುವ ಆಕಿ ಸಿಕ್ಕೊಂಡ್ಲು ನೋಡು."

"ಭಾವಾ, ಮುಂಜಾನಿ ಬಸ್ಸಿಗೆ ನಾ ಹೇಳಾಕಂತನ ಬಂದಿದ್ದೆ. ಜೀಪಿಂದು ನನಗ ಗೊತ್ತ ಇರಲಿಲ್ಲ."

"ಹೇಳೀನಿ ಆಕಿಗೆ. 'ಮುಂಜಾನಿ ಯಾಕ ಬಂದ್ಲು? ಟೀವ್ಯಾಗ ಓದೂಕಿಂತ ಮೊದಲ ಯಾಕ ಬರಲಿಲ್ಲ?' ಅಂತಾಳ."

ಎಷ್ಟೋ ಅಧಿಕಾರಿಗಳನ್ನು ಪ್ರಶ್ನೆ ಕೇಳಿ ಬೆವರಿಳಿಸಿದವಳು ಆವತ್ತು ತಣ್ಣಗಾದ ಬಜಿ ಹಿಡಿದುಕೊಂಡು ನಿಂತಳು.

ನಾಗರ ಪಂಚಮಿ ಬಂತು. ಗಂಗಾವತಿಯ ಓಣಿಯಲ್ಲಿ ಒಬ್ಬೊಬ್ಬರನ್ನೇ ತವರಿನವರು ಬಂದು ಕರೆದೊಯ್ದರು. ಜೋಕಾಲಿ ಕಟ್ಟಿದರು, ಎಳ್ಳಿನ ಉಂಡಿ ಹಂಚಿದರು. ಯಮನೂರಮ್ಮನನ್ನು ಕರೆಯಲು ಯಾರೂ ಬರಲಿಲ್ಲ. ಕರೆಯದಿದ್ದರೇನು ಎಂದು ತಾನೇ ಹೋದಳು. ಅಂಗಳದಲ್ಲಿ ಮಾತಿಲ್ಲದೆ ನಿಂತಳು. ಕಿಟಕಿಯಿಂದ ಒಂದು ಕ್ಷಣ ನೋಡಿದ ದುರುಗವ್ವ ಬಾಗಿಲು ಮುಂದೆ ಮಾಡಿದಳು. ಮರುವರ್ಷವೂ ಹಾಗೇ. ಆ ಮೇಲೆ ಯಮನೂರಮ್ಮ ಹೋಗುವುದನ್ನು ಬಿಟ್ಟಳು. ಪಂಚಮಿ ಹಬ್ಬದ ದಿನ ರಜೆ ಹಾಕದೆ ಸುದ್ದಿ ಓದುವವಳು ಇಡೀ ಜಿಲ್ಲೆಗೆ ಅವಳೊಬ್ಬಳೇ ಎಂದು ಆಂಜನೇಯ ಹೊಗಳುತ್ತಿದ್ದ. ಅವನಿಗೇನು ಗೊತ್ತು ಪಾಪ.

ಆದರೂ ಒಂದು ಆಸೆ. ಮುಖಾಮುಖಿ ಆಡಿದ ಮಾತಿಗೆ ಆಣೆ ಸರಿ, ಟೀವಿಯ ಮಾತು? ಅದು ಪೆಟ್ಟಿಗೆಯ ದನಿ, ಬಾಯಿಯ ದನಿಯಲ್ಲ. ದುರ್ಗಮ್ಮನ ಕಾಲಕ್ಕೆ ಟೀವಿ ಎಲ್ಲಿತ್ತು, ಅವಳು ಅದನ್ನು ಲೆಕ್ಕಕ್ಕೆ ಹಿಡಿಯಲಾರಳು. ಹೀಗೆ ತನಗೆ ತಾನೇ ವಕೀಲಿಕೆ ಮಾಡಿಕೊಂಡು, ಒಂದು ಸಂಜೆ ಸುದ್ದಿಯೆಲ್ಲ ಮುಗಿಸಿದ ಮೇಲೆ ಕ್ಯಾಮರಾ ನೋಡಿ ಯಮನೂರಮ್ಮ ಕೇಳಿಯೇಬಿಟ್ಟಳು, "ಅಕ್ಕಾ, ಉಂಡಿಯೇನ?"

ಆಂಜನೇಯ ಬೈಯಲು ಬಂದ. ಆದರೆ ಮರುದಿನ ಊರಿಗೆ ಊರೇ ಅದನ್ನು ಎತ್ತಿಕೊಂಡಿತ್ತು. ನೋಡುವ ಹೆಂಗಸರೆಲ್ಲ ತಮ್ಮನ್ನೇ ಕೇಳುತ್ತಾಳೆಂದು ಹಿಗ್ಗಿದರು. "ಉಂಡ್ವೆವ್ವಾ, ನೀ ಉಂಡಿಯೇನ?" ಎಂದು ಟೀವಿಗೆ ಉತ್ತರ ಕೊಡುವ ಮುದುಕಿಯರೂ ಇದ್ದರು. ಅವಳು ಸಂತೆಗೆ ಹೋದರೆ ಸಾಕು, ಕಾಯಿಪಲ್ಯದವರು "ಅಕ್ಕಾ, ಉಂಡಿಯೇನ?" ಎಂದು ಅವಳ ದನಿಯಲ್ಲೇ ಕೂಗಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಸಾವಿರ ಜನ ಉತ್ತರ ಕೊಟ್ಟರು, ಕೇಳಿದವಳಿಗೆ ಬೇಕಾಗಿದ್ದ ಒಂದು ಉತ್ತರ ಮಾತ್ರ ಬರಲಿಲ್ಲ. ರಾತ್ರಿ ತಟ್ಟೆಯ ಮುಂದೆ ಕುಳಿತರೆ ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದಳು, ಯಂಕೇಶ ನೀರಿನ ಲೋಟ ಮುಂದೆ ಸರಿಸುತ್ತಿದ್ದ.

ಯಲಬುರ್ಗಾದಿಂದ ಬರುತ್ತಿದ್ದದ್ದು ಇಬ್ರಾಹಿಂಸಾಬನ ತಕರಾರುಗಳು ಮಾತ್ರ.

"ಮೇಡಂ, ವೀಕ್ಷಕರು ಹೇಳಾಕತ್ತಾರ, ಆ ಬೂದಿ ಬಣ್ಣದ ಸೀರಿ ನಿಮಗ ಒಪ್ಪಂಗಿಲ್ಲಂತ. ಹಸರು ಉಡಬೇಕಂತ."

ಇನ್ನೊಮ್ಮೆ, "ವೀಕ್ಷಕರು ಕೇಳಾಕತ್ತಾರ, ಮೇಡಂಗ ಆರಾಮ ಇಲ್ಲೇನು, ಕಣ್ಣು ಒಳಗ ಹೋಗ್ಯಾವಂತ." ಮತ್ತೊಮ್ಮೆ, "ಬರಿಗಿವೀಲೆ ಕುಂದ್ರಬ್ಯಾಡ ಅನ್ರಿ ಅಂದಾರ."

ಯಮನೂರಮ್ಮ ರೇಗುತ್ತಿದ್ದಳು. "ನಿಮ್ಮ ಯಲಬುರ್ಗಿ ವೀಕ್ಷಕರಿಗೆ ಬ್ಯಾರೆ ಕೆಲಸಿಲ್ಲೇನು ಇಬ್ರಾಹಿಂ ಚಾಚಾ? ಸುದ್ದಿ ಕೇಳ್ರಿ ಅಂತ ಹೇಳ್ರಿ. ನನ್ನ ಮುಖ ಏನ್ ನೋಡ್ತಾರ?" ಬೈದರೂ ಮರುದಿನ ಹಸಿರು ಸೀರೆ ಉಟ್ಟು, ಕಿವಿಗೆ ಬೆಂಡೋಲೆ ಇಟ್ಟುಕೊಂಡೇ ಬರುತ್ತಿದ್ದಳು.

ಕ್ಯಾಸೆಟ್ಟು ಹೋಗಿ ಸೀಡಿ ಬಂತು. ಸೀಡಿ ಹೋಗಿ ವೈರು ಬಂತು. ಗಂಗಾವತಿಯಲ್ಲಿ ಓದಿದ್ದು ಅದೇ ಗಳಿಗೆಗೆ ಯಲಬುರ್ಗಾದಲ್ಲಿ ಕಾಣತೊಡಗಿತು. "ಇನ್ನ ನೀನು ಇವತ್ತು ಅನ್ನಬಹುದಮ್ಮಾ" ಎಂದ ಆಂಜನೇಯ. ಆ ಸಂಜೆ ಅವಳು "ಇವತ್ತು" ಎಂದು ಶುರು ಮಾಡಿದಳು. ಈ ವೈರು ಆಗಲೇ ಇದ್ದಿದ್ದರೆ ಬಸ್ಸಿನ ಲೆಕ್ಕ ಹಾಕುತ್ತಿರಲಿಲ್ಲ, ಮೊದಲೇ ಹೋಗಿ ಹೇಳುತ್ತಿದ್ದೆ, ಎನ್ನಿಸಿತು. ಹೊರಗಿನ ದೊಡ್ಡ ಚಾನೆಲ್ಲಿನವರು ಎರಡು ಸಲ ಕರೆದರು. ಅವರ ಸುದ್ದಿಯಲ್ಲಿ ಕೊನೆಗೆ ಅಕ್ಕನನ್ನು ಮಾತಾಡಿಸಲು ಬಿಡುವುದಿಲ್ಲವೆಂದು ಇವಳು ಹೋಗಲಿಲ್ಲ. ನೋಡನೋಡುತ್ತ ಕೂದಲಿಗೆ ಬಣ್ಣ ಹಚ್ಚುವ ವಯಸ್ಸಾಯಿತು. ಸುದ್ದಿಯೆಲ್ಲ ಎಲ್ಲರ ಕೈಯೊಳಗಿನ ಫೋನಿಗೆ ಇಳಿಯಿತು. ಏಳು ಗಂಟೆಗೆ ಯಾರು ಕಾಯುತ್ತಾರೆ? ಆಂಜನೇಯ 'ಎಡದಂಡೆ ವಾರ್ತೆ'ಯನ್ನು ಮುಚ್ಚಲು ನಿರ್ಧರಿಸಿದ.

ಕೊನೆಯ ದಿನ ಹಳೆಯವರನ್ನೆಲ್ಲ ಊಟಕ್ಕೆ ಕರೆದಿದ್ದರು. ಗಡ್ಡವೆಲ್ಲ ಹತ್ತಿಯಾದ ಇಬ್ರಾಹಿಂಸಾಬನೂ ಬಂದಿದ್ದ. ಮಾಳಿಗೆಯ ಮೇಲೆ ಹೋಳಿಗೆ ಉಂಡು ಕೈತೊಳೆದು, ಎಲೆಯಡಿಕೆ ಹಾಕಿಕೊಂಡು ಕುಳಿತಾಗ ಯಮನೂರಮ್ಮ ನಗುತ್ತ ಕೇಳಿದಳು, "ಇನ್ನ ನಿಮ್ಮ ವೀಕ್ಷಕರು ಯಾರ ಸೀರಿ ನೋಡ್ತಾರ ಚಾಚಾ?"

ಇಬ್ರಾಹಿಂಸಾಬ ಬಾಯಾಡಿಸುವುದನ್ನು ನಿಲ್ಲಿಸಿದ.

"ವೀಕ್ಷಕರು ಅಂದ್ರ ಒಬ್ಬರೇ ಅದಾರ್ರಿ ಮೇಡಂ. ನಿಮ್ಮಕ್ಕಾರು. ಹೇಳಬ್ಯಾಡ ಅಂತ ಮಾತು ತಗೊಂಡಿದ್ರು. ಈಗ ಕೇಬಲ್ಲ ಮುಗೀತು, ಮಾತೂ ಮುಗೀತು."

ಯಮನೂರಮ್ಮನ ಕೈಯೊಳಗಿನ ಅಡಿಕೆ ಕೈಯಲ್ಲೇ ಉಳಿಯಿತು. "ನೋಡ್ತಾಳೇನು? ದಿನಾ?"

"ಒಂದಿನಾನೂ ತಪ್ಪಿಸಂಗಿಲ್ಲ. ಮೊದಲ ಒಮ್ಮೆ ಹೋದಾಗ ನೋಡ್ತೀನಿ, ಟೀವ್ಯಾಗ ನೀವ ಇದ್ರಿ, ದನೀನ ಇಲ್ಲ. ಸ್ಪೀಕರ್ ಸುಟ್ಟೈತಿ ಅಂತ ತಿಳಕೊಂಡು ಬಿಚ್ಚಾಕ ಹೋದೆ. 'ಕೈ ಹಚ್ಚಿದರ ಕೈ ಮುರೀತೀನಿ ಸಾಬಾ!' ಅಂದ್ರು. 'ಆಕಿ ಮಾತು ಕೇಳಂಗಿಲ್ಲಂತ ಆಣಿ ಇಟ್ಟೀನಿ. ಮುಖ ನೋಡಂಗಿಲ್ಲಂತ ಇಟ್ಟಿಲ್ಲ' ಅಂದ್ರು. ದನಿ ಪೂರಾ ಕಡಿಮಿ ಮಾಡಿ, ಟೀವಿ ಮುಂದನ ಕುಂದ್ರತಾರ. ನಿಮ್ಮ ಕಣ್ಣು, ಕಿವಿ, ಕೈಬಳಿ, ಎಲ್ಲಾ ತಪಾಸಣಿ ಮಾಡಿ ನನಗ ಹೇಳ್ತಾರ."

ಯಮನೂರಮ್ಮ ಎದ್ದು ಹೋಗಿ ನೀಲಿ ಬಟ್ಟೆಯ ಹಿಂದೆ ನಿಂತಳು. ಇಷ್ಟು ವರ್ಷ ಕೇಳಿದ್ದೆಲ್ಲ ಗಾಳಿಗೆ ಹೋಗಿತ್ತು. ಊರಿಗೆಲ್ಲ ಕೇಳಿದ ಮಾತು ಯಾರಿಗೆ ಕೇಳಬೇಕೋ ಅವಳಿಗೊಬ್ಬಳಿಗೆ ಕೇಳಿರಲಿಲ್ಲ. ಆದರೆ ಅಕ್ಕ ನೋಡುತ್ತಿದ್ದಳು. ದಿನವೂ ಎದುರಿಗೆ ಕುಳಿತು, ಸೊರಗಿದ್ದಾಳೋ ಉಂಡಿದ್ದಾಳೋ ಎಂದು ನೋಡುತ್ತಿದ್ದಳು. ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ಆಮೇಲೆ ಮುಖ ತೊಳೆದು ಹಸಿರು ಸೀರೆ ಉಟ್ಟಳು.

ಸಂಜೆ ಏಳಕ್ಕೆ ಕೊನೆಯ ಸುದ್ದಿ ಶುರುವಾಯಿತು. ಕಾಲುವೆಯ ನೀರು, ಭತ್ತದ ಧಾರಣೆ, ಕಾರಟಗಿಗೆ ಹೊಸ ತಾಲೂಕು ಕಚೇರಿ, ಎಲ್ಲ ಓದಿದಳು. ವೀಕ್ಷಕರಿಗೆ ಶರಣು ಹೇಳಿದಳು. ಇನ್ನು ಎಲ್ಲರೂ ಕಾಯುವ ಆ ಮಾತೊಂದು ಉಳಿದಿತ್ತು.

ಅದನ್ನು ಅವಳು ಆಡಲಿಲ್ಲ. ಕುರ್ಚಿಯಿಂದ ಎದ್ದಳು. ಓದುವವಳು ಎದ್ದದ್ದನ್ನು ಎಂದೂ ಕಾಣದ ಮಾಜೀದ ಗಾಬರಿಯಾಗಿ ಕ್ಯಾಮರಾ ಮೇಲೆತ್ತಿದ. ಯಮನೂರಮ್ಮ ಸೆರಗಿನ ಎರಡು ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಕ್ಯಾಮರಾದ ಮುಂದೆ ಚಾಚಿ ಒಡ್ಡಿದಳು. ಅಕ್ಕನ ಹೊಸ್ತಿಲ ಒಳಗೆ ಮಣೆಯ ಮೇಲೆ ಕುಳಿತು ಉಡಿಗೆಂದು ಒಡ್ಡುತ್ತಿದ್ದ ಹಾಗೆಯೇ. ತುಟಿ ಅಲುಗಿಸಲಿಲ್ಲ. ಕಣ್ಣು ಮಾತ್ರ ತುಂಬಿ ಹರಿಯುತ್ತಿದ್ದವು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಖಾಲಿ ಸೆರಗು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಾಗೇ ಹರಡಿತ್ತು.

"ಏಮೈಂದಿ? ಸೌಂಡ್ ಹೋತೇನಯ್ಯಾ?" ಎಂದು ಆಚೆ ಕೋಣೆಯಿಂದ ಆಂಜನೇಯ ಕೂಗಿದ. ಆಫೀಸಿನ ಫೋನು ಹೊಡೆದುಕೊಳ್ಳತೊಡಗಿತು. ಕಾರಟಗಿಯಿಂದ, ಕುಷ್ಟಗಿಯಿಂದ, ಕೊಪ್ಪಳದಿಂದ, ಮೇಡಂ ಕಾಣಾಕತ್ತಾರ, ದನಿ ಬರವಲ್ದು, ಎಂಬ ಒಂದೇ ದೂರು. ಮಾಜೀದ ಕ್ಯಾಮರಾ ಆರಿಸಲಿಲ್ಲ. ಅವನೂ ಅಳುತ್ತಿದ್ದ.

ಎಲ್ಲ ಮುಗಿದು ಮೈಕ್ ಬಿಚ್ಚಿಡುವಾಗ ಯಮನೂರಮ್ಮನ ಮೊಬೈಲು ಹೊಡೆಯಿತು. ಪಂಪಣ್ಣ ಭಾವನ ನಂಬರು. ಕಿವಿಗೆ ಹಿಡಿದಳು.

"ಮಾತಾಡಬ್ಯಾಡ!"

ದುರುಗವ್ವನ ದನಿ. ವಯಸ್ಸಾಗಿ ಸ್ವಲ್ಪ ಒಡೆದಿತ್ತು, ಗದರಿಕೆ ಮಾತ್ರ ಅದೇ ಆಗಿತ್ತು.

"ಹ್ಞೂಂ ಅಂತನೂ ಅನಬ್ಯಾಡ. ಆಣಿ ಇನ್ನೂ ಐತಿ. ನಾ ಹೇಳ್ತೀನಿ, ನೀ ಬರೇ ಕೇಳು. ಅಲ್ಲಾ, ಏ ಹುಚ್ಚಿ, ಟೀವ್ಯಾಗ ನಿಂತು ಸೆರಗೊಡ್ಡಿದರ ನಾ ಅಕ್ಕಿ ಎಲ್ಲಿ ಹಾಕಲಿ? ಗಾಜಿಗೆ ಸುರೀಲೇನು? ನಿಮ್ಮ ಭಾವ ನನ್ನ ಕೈಯಾನ ಅಕ್ಕಿ ಮೊರ ನೋಡಿ ನಗಾಕತ್ತಾನ. ಅಕ್ಕಿ ತಗೊಂಡು ಟೀವಿ ಮಟ ಹೋಗಿ ನಿಂತಿದ್ದೆ ನಾನು."

ಯಮನೂರಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಾಳೆ ಹೇಮಗುಡ್ಡಕ್ಕ ಬಾ. ನಾವೂ ಬರ್ತೀವಿ. ದುರ್ಗಮ್ಮಗ ಕಾಯಿ ಒಡಿಸಿ, ತಪ್ಪಾತವ್ವ ಅಂತ ಗಲ್ಲ ಗಲ್ಲ ಬಡಕೊಂಡು ಆಣಿ ಬಿಡಿಸ್ಕೋತೀನಿ. ಅಲ್ಲೇ ಗುಡಿಯಾಗ ಉಡಿ ತುಂಬತೀನಿ. ಅಲ್ಲೀ ಮಟ ನೀ ತುಟಿ ಬಿಚ್ಚಬ್ಯಾಡ." ದುರುಗವ್ವನ ದನಿ ತಗ್ಗಿತು. "ಓಣ್ಯಾಗ ಅಂತಿದ್ರು, ದಿನಾ ಕೊನಿಗೆ ಏನೋ ಕೇಳ್ತೀಯಂತ. ನಾ ನಂಬಲಿಲ್ಲ. ಊರಿಗೆಲ್ಲಾ ಕೇಳ್ತಾಳ ಬಿಡ್ರೆ, ನನಗೇನಲ್ಲ ಅಂದಿದ್ದೆ. ನನಗ ಕೇಳ್ತಿದ್ದೇನ?"

ಯಮನೂರಮ್ಮ ಹೌದೆಂದು ತಲೆಯಾಡಿಸಿದಳು. ಫೋನಿನಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣುತ್ತದೆ? ಆದರೂ ಮತ್ತೆ ಮತ್ತೆ ಆಡಿಸಿದಳು.

"ಉಂಡಿಲ್ಲ, ಯಮನವ್ವಾ" ಎಂದಳು ದುರುಗವ್ವ. "ಖರೇ ಹೇಳ್ತೀನಿ, ಉಂಡಿಲ್ಲ."

ಯಮನೂರಮ್ಮ ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿ ಹಿಡಿದಳು, ಅಳುವ ದನಿ ಅಕ್ಕನ ಕಿವಿಗೆ ಬೀಳಬಾರದೆಂದು.